ತಿಂಗಳೊಪ್ಪತ್ತಿನಲ್ಲಿ ಚಿತ್ರಕಥೆ

ನಿಮ್ಮಲ್ಲಿ ಕೆಲವರಾದರೂ ಒಂದು ಸಿನಿಮಾ ಕಥೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡು ಓಡಾಡುತ್ತಿರುತ್ತೀರಿ. ಬರೆಯಲು ಕುಳಿತು, ನಾಲ್ಕು ದೃಶ್ಯಗಳಾದ ಮೇಲೆ ಎದ್ದುಬಿಟ್ಟವರೂ ಇರಬಹುದು. ಈ ಎರಡನೆಯ ಪಂಗಡದವನೇ ನಾನು. ಆದ್ದರಿಂದಲೇ ಮಾತನಾಡುವ ಧೈರ್ಯ ಮಾಡಿದ್ದೇನೆ.

ಅಮೆರಿಕದಲ್ಲಿ 2007ರಿಂದ 2012ರವರೆಗೆ ‘ಸ್ಕ್ರಿಪ್ಟ್ ಫ್ರೆಂಜಿ’ ಎಂಬ ಪಂಥವೊಂದು ನಡೆಯುತ್ತಿತ್ತು. ಕೊನೆಯ ವರ್ಷಗಳಲ್ಲಿ ಅದರ ಕಟ್ಟಳೆ ಇಷ್ಟೆ: ಏಪ್ರಿಲ್ ತಿಂಗಳ 30 ದಿನಗಳಲ್ಲಿ 100 ಪುಟಗಳ ಕರಡು. ಪುಟವೊಂದಕ್ಕೆ ಸುಮಾರು ಒಂದು ನಿಮಿಷವೆಂಬ ವಾಡಿಕೆಯ ಲೆಕ್ಕದಲ್ಲಿ ಅದು ಒಂದು ಗಂಟೆ ನಲವತ್ತು ನಿಮಿಷದ ಚಿತ್ರ. ದಿನಕ್ಕೆ ಮೂರು ಪುಟಕ್ಕಿಂತ ತುಸು ಹೆಚ್ಚು. ಇದೇನು ಮಹಾ, ಎನಿಸುತ್ತದೆಯಲ್ಲವೆ? ನನಗೂ ಎನಿಸಿತು.

ಬೇಸಗೆ ರಜೆಯಲ್ಲಿ ಪಂಥ ಕಟ್ಟಿ ಕುಳಿತೆ. ಹಾಲು ಮಾರಿ ನನ್ನನ್ನು ಓದಿಸಿದ, ತಾನು ಅಕ್ಷರ ಕಲಿಯದೆಯೇ ತೀರಿಕೊಂಡ ನನ್ನ ಅಕ್ಕನ ಕಥೆ. ಒಂಬತ್ತು ದಿನ ಲೇಖನಿ ಓಡಿತು, ಮೂವತ್ತು ಪುಟಗಳಾದವು. ಹತ್ತನೆಯ ದಿನ ಮೊದಲಿನಿಂದ ಓದಿನೋಡುವ ದುರ್ಬುದ್ಧಿ ಬಂತು. ಹುಡುಗರ ನೋಟುಪುಸ್ತಕ ತಿದ್ದಿ ಪಳಗಿದ ಕೈ, ಸುಮ್ಮನಿದ್ದೀತೆ? ಕೆಂಪು ಶಾಯಿ ತೆಗೆದೆ. ಅಕ್ಕ ‘ಬತ್ತೀನಿ’ ಎಂದಲ್ಲೆಲ್ಲ ‘ಬರುತ್ತೇನೆ’ ಎಂದು ತಿದ್ದಿದೆ. ಐದು ದಿನ ಹೀಗೇ ಕಳೆಯಿತು. ಕಥೆ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ, ಬರೆದದ್ದು ನನಗೇ ಬೇಸರವಾಯಿತು. ಹದಿನೈದನೆಯ ದಿನ ಹಾಳೆಗಳನ್ನು ಪೆಟ್ಟಿಗೆಗೆ ಹಾಕಿದೆ.

ಆ ರಾತ್ರಿ ಊಟಕ್ಕೆ ಬಡಿಸುತ್ತಾ ನಮ್ಮ ಮನೆಯವರು ಕೇಳಿದರು: “ಅಲ್ಲಾರೀ, ಅತ್ತಿಗೆಯವರು ಇನ್ನೂ ಹಾಲಿನ ಕೊಡ ಹೊತ್ತು ಹೊಳೆ ದಂಡೆಯಲ್ಲೇ ನಿಂತಿದ್ದಾರೆಯೇ?”

ನನಗೆ ತುತ್ತು ಇಳಿಯಲಿಲ್ಲ.

ಗದುಗಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನು ಮಿಂದು ಬಂದು, ಉಟ್ಟ ಒದ್ದೆ ಬಟ್ಟೆ ಆರುವ ತನಕ ಮಾತ್ರ ಕಾವ್ಯ ರಚಿಸುತ್ತಿದ್ದನೆಂದು ಐತಿಹ್ಯ. ತರಗತಿಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೋ! ನಿನ್ನೆಯದನ್ನು ತಿದ್ದುತ್ತ ಅವನು ಬಟ್ಟೆ ಆರಿಸಿಕೊಂಡನೆಂದು ಯಾರೂ ಹೇಳಿಲ್ಲ. ಮರುದಿನದಿಂದ ನಾನೂ ಬೆಳಗಿನ ಒಂದೂವರೆ ಗಂಟೆ ಮಾತ್ರ ಕುಳಿತೆ. ಹಿಂದಿನ ದಿನದ ಕೊನೆಯ ಸಾಲನ್ನಷ್ಟೇ ಓದುವುದು. ಮುಂದಿನ ಮಾತು ಯಾರದೆಂದು ತಿಳಿದಿರುವಾಗಲೇ ಏಳುವುದು. ನೀವೂ ಇದನ್ನು ಮಾಡಿ ನೋಡಿ, ನಾಳೆ ಕುಳಿತುಕೊಳ್ಳಲು ಮನಸ್ಸು ತಾನಾಗಿ ಎಳೆಯುತ್ತದೆ.

ಮೂವತ್ತನೆಯ ದಿನಕ್ಕೆ ಆದದ್ದು 82 ಪುಟ. ಪಂಥವೇನೋ ಸೋತೆ. ಉಳಿದದ್ದನ್ನು ಶಾಲೆ ತೆರೆದ ವಾರದಲ್ಲಿ ಮುಗಿಸಿದೆ. ಈಗ ತಿದ್ದುವ ಸರದಿ. ಮೊದಲ ಮೂವತ್ತು ಪುಟಗಳಲ್ಲಿ ‘ಬರುತ್ತೇನೆ’ ಎಂದಿರುವುದನ್ನೆಲ್ಲ ಹೊಡೆದು ‘ಬತ್ತೀನಿ’ ಎಂದು ಬರೆಯುತ್ತಿದ್ದೇನೆ.