ಕೋಳಿಯ ಮೇವಿಗೆ ಕಿಣ್ವದ ಪುಡಿ
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಪುಸ್ತಕ ಓದುವ ಜಾಗದಲ್ಲಿ ಕೋಳಿಯ ಮಾತೇಕೆ ಎಂದು ಕೆಲವರು ನಗಬಹುದು. ನಮ್ಮಲ್ಲಿ ಅನೇಕರು ಈ ಚೆನ್ನೈಯಲ್ಲಿ ಮೆಸ್ಸಿನ ಊಟ ಉಂಡು, ಉಳಿದ ನಾಲ್ಕು ಕಾಸನ್ನು ಊರಿಗೆ ಕಳುಹಿಸುವವರು. ಆ ಹಣದಲ್ಲಿ ತಮ್ಮನೋ ಭಾವಮೈದುನನೋ ಸಾವಿರ ಮೊಟ್ಟೆಕೋಳಿಯ ಶೆಡ್ಡು ಹಾಕಲು ಹೊರಡುತ್ತಾನೆ. ಶೆಡ್ಡು ಎದ್ದ ಮೇಲೆ ಪುಡಿಯ ಪೊಟ್ಟಣ ಹಿಡಿದ ವ್ಯಾಪಾರಿ ಬಂದು, "ಇದನ್ನು ಬೆರೆಸಿ, ಮೊಟ್ಟೆ ತಾನಾಗಿ ಹೆಚ್ಚುತ್ತದೆ" ಎನ್ನುತ್ತಾನೆ. ಈ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದೇ ಇಂದಿನ ವಿಷಯ.

ಕಿಣ್ವವೆಂಬುದು ನಮಗೆ ಹೊಸದಲ್ಲ. ನಮ್ಮ ತಾಯಂದಿರು ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಬೀಸಿ ಕೂಸಿಗೆ ಸರಿ ಕಾಯಿಸುತ್ತಿದ್ದರಷ್ಟೆ. ಅಲ್ಲಿ ನಡೆಯುವುದು ಕಿಣ್ವದ ಕೆಲಸವೇ. ಕಾಳುಗಳಲ್ಲಿ ರಂಜಕ ಸಾಕಷ್ಟಿದೆ. ಆದರೆ ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಫೈಟಿಕ್ ಆಮ್ಲದ ಹಿಡಿತದಲ್ಲಿರುತ್ತದೆ. ಮೊಳಕೆಯೊಡೆಯುವಾಗ ಫೈಟೇಸ್ ಎಂಬ ಕಿಣ್ವ ಆ ಗಂಟನ್ನು ಬಿಚ್ಚುತ್ತದೆ. ಪಾಪ, ಕೋಳಿಗೆ ಅಡುಗೆಮನೆಯಿಲ್ಲ. ಅದರ ಕರುಳಿನಲ್ಲಿಯೂ ಈ ಕಿಣ್ವ ಅತ್ಯಲ್ಪ. ಆದುದರಿಂದ ತಿಂದ ರಂಜಕದ ಬಹುಪಾಲು ಹಿಕ್ಕೆಯಲ್ಲಿ ಹೋಗುತ್ತದೆ. ಸಾಕುವವನು ಡೈಕ್ಯಾಲ್ಸಿಯಂ ಫಾಸ್ಫೇಟನ್ನು ಅಂಗಡಿಯಿಂದ ಕೊಂಡು ಬೆರೆಸಬೇಕಾಗುತ್ತದೆ.

ಹಿಕ್ಕೆಯ ರಂಜಕ ನೀರಿಗೆ ಸೇರಿ ಪಾಚಿ ಬೆಳೆದು ಕೆಟ್ಟುದನ್ನು ಮೊದಲು ಮನಗಂಡ ದೇಶಗಳಲ್ಲಿ ಹಾಲೆಂಡ್ ಒಂದು. ಬೂಷ್ಟಿನಿಂದ ತಯಾರಿಸಿದ ಫೈಟೇಸ್ 1991ರಲ್ಲಿ ಅಲ್ಲಿ ಮಾರುಕಟ್ಟೆಗೆ ಬಂದಿತು. ಇಂದು ನಮ್ಮ ನೆರೆಯ ನಾಮಕ್ಕಲ್ಲಿನ ಫಾರಮ್ಮುಗಳಿಗೂ ಇದು ಪರಿಚಿತ. ದಿನಕ್ಕೆ ಕೋಟಿಗಟ್ಟಲೆ ಮೊಟ್ಟೆ ಕೊಡುವ ಆ ಜಿಲ್ಲೆಗೆ ದಾವಣಗೆರೆ ಕಡೆಯಿಂದ ಮೆಕ್ಕೆಜೋಳ ಲಾರಿಗಳಲ್ಲಿ ಹೋಗುತ್ತದೆ. ನಮ್ಮ ಮೆಸ್ಸಿನ ಆಮ್ಲೆಟ್ಟಿನಲ್ಲಿಯೂ ಕನ್ನಡನಾಡಿನ ಜೋಳವಿದ್ದೀತು!

ಈಗ ಲೆಕ್ಕ. ಮೊಟ್ಟೆಕೋಳಿ ದಿನಕ್ಕೆ ಸುಮಾರು 110 ಗ್ರಾಂ ತಿನ್ನುತ್ತದೆ. ಸಾವಿರ ಕೋಳಿಗೆ ವರ್ಷಕ್ಕೆ 40 ಟನ್ ಮೇವಾಯಿತು. ಬಳಕೆಯಲ್ಲಿರುವ ಫೈಟೇಸ್ ಪುಡಿಯನ್ನು ಟನ್ನಿಗೆ 100 ಗ್ರಾಂ ಆಸುಪಾಸು ಹಾಕುವುದುಂಟು. ಅದರಿಂದ ಬಿಡುಗಡೆಯಾಗುವ ರಂಜಕಕ್ಕೆ ಪ್ರತಿಯಾಗಿ ಟನ್ನಿಗೆ ಸುಮಾರು 5 ಕಿಲೋ ಡೈಕ್ಯಾಲ್ಸಿಯಂ ಫಾಸ್ಫೇಟ್ ಕಡಿಮೆ ಮಾಡಬಹುದು. ವರ್ಷಕ್ಕೆ 200 ಕಿಲೋ. ಲಾಭವಿರುವುದು ಇಲ್ಲಿ. ಆ ಖನಿಜವನ್ನು ಮೊದಲಿನಷ್ಟೇ ಹಾಕುತ್ತ ಪುಡಿಯನ್ನೂ ಸುರಿದರೆ, ಚೆನ್ನಾಗಿ ತಿನ್ನುತ್ತಿರುವ ಕೋಳಿ ಅದಕ್ಕಾಗಿ ಇನ್ನೊಂದು ಮೊಟ್ಟೆಯನ್ನು ಇಡುವುದಿಲ್ಲ. ಕಿಣ್ವ ಇರುವುದನ್ನು ಬಿಡಿಸಿ ಕೊಡುತ್ತದೆಯೇ ಹೊರತು ಇಲ್ಲದುದನ್ನು ತಂದು ಹಾಕುವುದಿಲ್ಲ. ವ್ಯಾಪಾರಿ ಸುಳ್ಳು ಹೇಳಿದನೆನ್ನಲಾರೆವು. ಅರ್ಧ ಹೇಳಿದ ಅಷ್ಟೆ.

ತೌಡಿನಲ್ಲಿ ಫೈಟಿಕ್ ಆಮ್ಲ ಬಹಳ. ಎಣ್ಣೆ ತೆಗೆದ ತೌಡು ಅಗ್ಗವೆಂದು ಹೆಚ್ಚಾಗಿ ಬಳಸುವವರಿಗೆ ಫೈಟೇಸಿನ ಉಪಯೋಗ ಕಾಣುತ್ತದೆ. ಕಾಳಿನ ನಾರನ್ನು ಒಡೆಯುವ ಕ್ಸೈಲನೇಸ್ ಮುಂತಾದವೂ ಇವೆ. ಗೋಧಿ, ತೌಡು ಹೆಚ್ಚಿರುವ ಮೇವಿನಲ್ಲಿ ಅವಕ್ಕೆ ಕೆಲಸವುಂಟು, ಬರಿಯ ಜೋಳ ಮತ್ತು ಸೋಯಾ ಹಿಂಡಿಯಲ್ಲಿ ಅಷ್ಟಾಗಿ ಇಲ್ಲ.

ಇನ್ನು ಚಿಪ್ಪಿನ ಮಾತು. ಒಂದು ಮೊಟ್ಟೆಯ ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಅದು ಬರಬೇಕಾದುದು ಸುಣ್ಣಕಲ್ಲು, ಕಪ್ಪೆಚಿಪ್ಪುಗಳಿಂದ. ಪುಡಿ ಹಾಕಿದೆವೆಂದು ಅವನ್ನು ನಿಲ್ಲಿಸಿದವನ ಶೆಡ್ಡಿನಲ್ಲಿ ತೆಳು ಚಿಪ್ಪಿನ ಮೊಟ್ಟೆಗಳೇ ಉಳಿಯುತ್ತವೆ. ಬೇಸಿಗೆಯಲ್ಲಿ ಕೋಳಿ ತೇಕುತ್ತ ನಿಂತಾಗಲೂ ಚಿಪ್ಪು ತೆಳುವಾಗುತ್ತದೆ. ಅದಕ್ಕೆ ನೆರಳು, ಗಾಳಿ, ತಣ್ಣೀರು ಮದ್ದು, ಫೈಟೇಸ್ ಅಲ್ಲ.

ಟನ್ನಿಗೆ 100 ಗ್ರಾಂ ಎಂದರೆ ಒಂದು ಕೋಳಿಯ ಪಾಲಿಗೆ ದಿನಕ್ಕೆ 11 ಮಿಲಿಗ್ರಾಂ. ನೇರವಾಗಿ ರಾಶಿಯ ಮೇಲೆ ಎರಚಿದರೆ ಕೆಲವಕ್ಕೆ ಸಿಕ್ಕೀತು, ಕೆಲವಕ್ಕೆ ಇಲ್ಲ. ಮೊದಲು ಒಂದೆರಡು ಕಿಲೋ ತೌಡಿನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ದೊಡ್ಡ ರಾಶಿಗೆ ಸೇರಿಸಬೇಕು. ಶೆಡ್ಡಿನ ತಗಡಿನ ಕೆಳಗೆ ಬಿಸಿಲಲ್ಲಿ, ತೇವದಲ್ಲಿ ಬಿದ್ದಿದ್ದರೆ ಕಿಣ್ವ ಸತ್ವ ಕಳೆದುಕೊಳ್ಳುತ್ತದೆ. ಪುಡಿ ನೋಡಲು ಮಾತ್ರ ಹಾಗೆಯೇ ಇರುತ್ತದೆ. ಆದಕಾರಣ ಪೊಟ್ಟಣದ ಮೇಲಿನ ತಯಾರಿಕೆಯ ತಾರೀಖನ್ನು ಓದಿ ಕೊಳ್ಳತಕ್ಕದ್ದು.

ನಾಮಕ್ಕಲ್ಲಿನ ಪಶುವೈದ್ಯ ಕಾಲೇಜಿನಲ್ಲಿ ಮೇವನ್ನು ಪರೀಕ್ಷಿಸುವ ಪ್ರಯೋಗಶಾಲೆಯಿದೆ. ಬೆಂಗಳೂರಿನ ಆಡುಗೋಡಿಯಲ್ಲಿ ಪಶು ಪೋಷಣೆಯ ರಾಷ್ಟ್ರೀಯ ಸಂಸ್ಥೆ 1995ರಿಂದ ಇದೆ. ಊರಿಗೆ ಫೋನು ಮಾಡುವಾಗ ತಮ್ಮನನ್ನು "ಮೊಟ್ಟೆ ಎಷ್ಟು ಹೆಚ್ಚಿತು?" ಎಂದು ಕೇಳುವ ಮೊದಲು, "ಪುಡಿ ಹಾಕಿದ ಮೇಲೆ ಚೀಲದ ಖನಿಜವನ್ನು ಎಷ್ಟು ಕಡಿಮೆ ಮಾಡಿದೆ?" ಎಂದು ಕೇಳಿರಿ.