ಕಾಡಂಚಿನ ರಸ್ತೆಗಳಲ್ಲಿ ವನ್ಯಪ್ರಾಣಿ ಮುಖಾಮುಖಿ: ಗ್ರಾಮ ಪಂಚಾಯಿತಿಯ ಕೈಯಲ್ಲಿರುವ ಕೆಲಸ

(ಕಾಡಂಚಿನ ಗ್ರಾಮ ಪಂಚಾಯಿತಿಗಳ ಸದಸ್ಯರ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಕಾಡಂಚಿನ ಗ್ರಾಮದಲ್ಲಿ ಸೂರ್ಯೋದಯಕ್ಕೆ ಮುನ್ನ ರಸ್ತೆಗೆ ಇಳಿಯುವವರು ಯಾರು ಎಂಬುದನ್ನು ತಾವು ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ಹಾಲಿನ ಕ್ಯಾನನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಡೇರಿಗೆ ಹೊರಡುವ ರೈತ, ರಾತ್ರಿ ಪಾಳಿಯ ತ್ರೀಫೇಸ್ ವಿದ್ಯುತ್ತಿಗಾಗಿ ಎದ್ದು ಪಂಪ್‌ಸೆಟ್ ನೋಡಲು ಹೋದವನು, ಮೊದಲ ಬಸ್ಸು ಹಿಡಿಯಲು ಮುಖ್ಯರಸ್ತೆಯವರೆಗೆ ಬೈಸಿಕಲ್ಲಿನಲ್ಲಿ ಬರುವ ವಿದ್ಯಾರ್ಥಿ. ಇವರೆಲ್ಲರಿಗಿಂತ ಮುಂಚೆ, ಕೊಳವೆಬಾವಿಯ ಮೋಟಾರು ಚಾಲೂ ಮಾಡಿ ವಾಲ್ವು ತಿರುಗಿಸಲು ಹೊರಡುವ ನೀರುಗಂಟಿ. ಆತ ಗ್ರಾಮ ಪಂಚಾಯಿತಿಯ ನೌಕರ. ಆತ ಎಷ್ಟು ಹೊತ್ತಿಗೆ ಹೊರಡಬೇಕೆಂಬುದನ್ನು ತೀರ್ಮಾನಿಸುವುದೂ ಗ್ರಾಮ ಪಂಚಾಯಿತಿಯೇ. ಆನೆ ಎದುರಾಯಿತು ಎಂಬ ಸುದ್ದಿಯನ್ನು ದೈವಾಧೀನವೆಂದೋ ಅರಣ್ಯ ಇಲಾಖೆಗೆ ಸೇರಿದ ವಿಷಯವೆಂದೋ ಬದಿಗಿಡುವ ಮುನ್ನ ಈ ಒಂದು ಸಂಗತಿಯನ್ನು ಗಮನಿಸುವುದು ಅವಶ್ಯ.

2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ; ದೇಶದ ಬೇರಾವ ರಾಜ್ಯದಲ್ಲಿಯೂ ಇಷ್ಟಿಲ್ಲ. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಮಲೆಮಹದೇಶ್ವರ ಬೆಟ್ಟಗಳ ಕಾಡುಗಳು ಈ ಸಂಖ್ಯೆಯ ದೊಡ್ಡ ಪಾಲನ್ನು ಹೊತ್ತಿವೆ. ಈ ಕಾಡುಗಳ ನಡುವಿನ ಹೆದ್ದಾರಿಗಳ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೂ ಊಟಿಗೂ ಹೋಗುವ ಎರಡು ರಾಷ್ಟ್ರೀಯ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವು 2009ರಲ್ಲಿ ಜಾರಿಗೆ ಬಂದಿತು. 2010ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಲ್ಲಿ ಗೇಟು ಇದೆ, ಕಾವಲುಗಾರರಿದ್ದಾರೆ, ಸಾಲುಸಾಲು ಉಬ್ಬುಗಳಿವೆ, ಫಲಕಗಳಿವೆ. ಗ್ರಾಮದಿಂದ ಗ್ರಾಮಕ್ಕೆ, ಗ್ರಾಮದಿಂದ ಹಾಡಿಗೆ, ಜಮೀನಿಗೆ ಹೋಗುವ ರಸ್ತೆಯಲ್ಲಿ ಇವು ಯಾವುವೂ ಇಲ್ಲ. ಆ ರಸ್ತೆಗೆ ಗೇಟು ಹಾಕಲೂ ಆಗದು, ಏಕೆಂದರೆ ಜನ ಅದರ ಮೇಲೆಯೇ ಬದುಕುತ್ತಿದ್ದಾರೆ. ಆದ್ದರಿಂದ ಹೆದ್ದಾರಿಯ ಪರಿಹಾರವನ್ನು ಹಳ್ಳಿಯ ರಸ್ತೆಗೆ ಕೇಳುವುದರಲ್ಲಿ ಅರ್ಥವಿಲ್ಲ. ಇಲ್ಲಿಗೆ ಬೇರೆಯೇ ಯೋಚನೆ ಬೇಕಾಗುತ್ತದೆ.

ಆ ಯೋಚನೆಗೆ ತಮಿಳುನಾಡಿನ ಆನೆಮಲೆ ಶ್ರೇಣಿಯಲ್ಲಿರುವ ವಾಲ್ಪಾರೈ ಒಂದು ಉತ್ತಮ ಉದಾಹರಣೆ. ಚಹಾ ತೋಟಗಳ ಆ ಪ್ರಸ್ಥಭೂಮಿಯಲ್ಲಿ ಆನೆಗಳೂ ಕಾರ್ಮಿಕರೂ ಒಂದೇ ರಸ್ತೆಯನ್ನು ಬಳಸುತ್ತಾರೆ. ಅಲ್ಲಿ ಆನೆಗೆ ಬಲಿಯಾದ ಪ್ರಕರಣಗಳನ್ನು ವಿಜ್ಞಾನಿಗಳು ಒಂದೊಂದಾಗಿ ಪರಿಶೀಲಿಸಿದಾಗ, ಸತ್ತವರಲ್ಲಿ ಬಹುಪಾಲು ಜನರಿಗೆ ಆನೆ ಹತ್ತಿರದಲ್ಲಿದೆ ಎಂಬುದೇ ತಿಳಿದಿರಲಿಲ್ಲ ಎಂದು ಕಂಡುಬಂದಿತು. ಆನೆ ಹುಡುಕಿಕೊಂಡು ಬಂದು ಕೊಂದ ಪ್ರಕರಣಗಳಲ್ಲ ಅವು. ತಿರುವಿನಲ್ಲಿ, ಪೊದೆಯ ಮರೆಯಲ್ಲಿ, ಮಸುಕಿನಲ್ಲಿ ಪರಸ್ಪರ ತಿಳಿಯದೆ ತೀರಾ ಸಮೀಪಕ್ಕೆ ಬಂದವು. 2011ರಿಂದ ಅಲ್ಲಿ ಆನೆಗಳಿರುವ ಜಾಗವನ್ನು ಮೊಬೈಲ್ ಸಂದೇಶದ ಮೂಲಕ ತಿಳಿಸುವ ವ್ಯವಸ್ಥೆ ಬಂದಿತು. ಎತ್ತರದ ಜಾಗಗಳಲ್ಲಿ ಕೆಂಪು ದೀಪಗಳನ್ನು ನಿಲ್ಲಿಸಲಾಯಿತು. ಆನೆ ಕಂಡವರು ಮೊಬೈಲಿನಿಂದಲೇ ಆ ದೀಪ ಬೆಳಗಿಸಬಹುದು. ದೀಪ ಉರಿಯುತ್ತಿದ್ದರೆ ಆನೆ ಸುತ್ತಮುತ್ತಲಿದೆ ಎಂದು ಅರ್ಥ. ಅಷ್ಟೇ. ಬೇಲಿಯಿಲ್ಲ, ಕಂದಕವಿಲ್ಲ, ಸಿಡಿಮದ್ದಿಲ್ಲ. ಮೊದಲೇ ತಿಳಿಯುವಂತೆ ಮಾಡಿದ್ದೇ ಅಲ್ಲಿನ ಕೆಲಸದ ತಿರುಳು.

ಮೊದಲೇ ಎಂದರೆ ಎಷ್ಟು ಮೊದಲು? ಇದಕ್ಕೆ ರಸ್ತೆ ನಿರ್ಮಾಣದ ಲೆಕ್ಕದಲ್ಲಿಯೇ ಉತ್ತರವಿದೆ. ಚಾಲಕನು ಅಡಚಣೆಯನ್ನು ಕಂಡು, ಅದೇನೆಂದು ಅರಿತು, ಬ್ರೇಕ್ ಒತ್ತುವ ಹೊತ್ತಿಗೆ ಎರಡೂವರೆ ಸೆಕೆಂಡು ಬೇಕೆಂದು ಇಂಡಿಯನ್ ರೋಡ್ ಕಾಂಗ್ರೆಸ್ಸಿನ ಮಾನದಂಡ ಲೆಕ್ಕ ಹಿಡಿಯುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಆ ಎರಡೂವರೆ ಸೆಕೆಂಡಿನಲ್ಲಿಯೇ ವಾಹನ ಸುಮಾರು 42 ಮೀಟರ್ ಸಾಗಿರುತ್ತದೆ. ಬ್ರೇಕ್ ಹಿಡಿದ ಮೇಲೆ ಹೆಚ್ಚುಕಡಿಮೆ ಅಷ್ಟೇ ದೂರ ಮತ್ತೆ ಉರುಳುತ್ತದೆ. ಒಟ್ಟು 80 ಮೀಟರ್. 40 ಕಿ.ಮೀ. ವೇಗಕ್ಕೆ ಇದು 45 ಮೀಟರ್, 30 ಕಿ.ಮೀ. ವೇಗಕ್ಕೆ 30 ಮೀಟರ್. ಇದು ಸಮತಟ್ಟಾದ ರಸ್ತೆಯ ಲೆಕ್ಕ. ಇಳಿಜಾರಿನಲ್ಲಿಯೂ ಮಳೆಯಲ್ಲಿ ನೆನೆದ ರಸ್ತೆಯಲ್ಲಿಯೂ ದೂರ ಹೆಚ್ಚುತ್ತದೆ. ಸಾಮಾನ್ಯ ದ್ವಿಚಕ್ರ ವಾಹನದ ಕೆಳಬೆಳಕು ಸ್ಪಷ್ಟವಾಗಿ ತೋರಿಸುವುದು ಮೂವತ್ತು ನಲವತ್ತು ಮೀಟರ್ ಮಾತ್ರ. ಹಾಗಿದ್ದಲ್ಲಿ, ಕತ್ತಲಲ್ಲಿ 60ರ ವೇಗದಲ್ಲಿ ಹೋಗುವ ಸವಾರ ತನಗೆ ಕಾಣದ ರಸ್ತೆಯ ಮೇಲೆ ಓಡುತ್ತಿದ್ದಾನೆ ಎಂದೇ ತಿಳಿಯಬೇಕು. ಆತನ ಚಾಲನಾ ಕೌಶಲ ಎಷ್ಟೇ ಇದ್ದರೂ ಈ ಲೆಕ್ಕ ಬದಲಾಗದು.

ಇದರ ಮೇಲೆ ಪ್ರಾಣಿಯ ಬಣ್ಣವೂ ಸೇರಿಕೊಳ್ಳುತ್ತದೆ. ಆನೆಯ ಮೈ ಮಣ್ಣಿನ ಬಣ್ಣದ್ದು. ಬೆಳಕನ್ನು ಹಿಂದಿರುಗಿಸುವುದಿಲ್ಲ, ನುಂಗುತ್ತದೆ. ಕೆಳಬೆಳಕು ಬೀಳುವುದು ಕಾಲುಗಳ ಮೇಲೆ. ರಸ್ತೆಬದಿಯಲ್ಲಿ ನಿಂತ ಆನೆಯ ಕಾಲು ಮರದ ಬೊಡ್ಡೆಯಂತೆಯೇ ಕಾಣುತ್ತದೆ. ಕಾಟಿ ಎಂದೂ ಕರೆಯುವ ಕಾಡುಕೋಣದ ಮೈ ಇನ್ನೂ ಕಪ್ಪು. ಮೊಣಕಾಲಿನಿಂದ ಕೆಳಗಿನ ಬಿಳಿ ಬಣ್ಣವೇ ಸವಾರನಿಗೆ ಸಿಗುವ ಗುರುತು. ಒಂದು ಟನ್ನಿನಷ್ಟು ತೂಗಬಲ್ಲ ಗಂಡು ಕಾಟಿಗೆ ಬೈಕು ಡಿಕ್ಕಿಯಾದರೆ ಗೋಡೆಗೆ ಗುದ್ದಿದಂತೆಯೇ ಸರಿ. ಕರಡಿಯ ವಿಷಯ ಬೇರೆ. ಅದು ಗಾತ್ರದಲ್ಲಿ ಚಿಕ್ಕದಾದರೂ, ತೀರಾ ಹತ್ತಿರದಲ್ಲಿ ಬೆಚ್ಚಿದಾಗ ಓಡುವ ಬದಲು ಮೇಲೆರಗುತ್ತದೆ. ಚಿರತೆಯು ಹೆಚ್ಚಾಗಿ ರಸ್ತೆ ದಾಟಿ ಮರೆಯಾಗುತ್ತದೆ. ಅಲ್ಲಿ ಅಪಾಯ ಚಿರತೆಗೇ ಅಧಿಕ.

ಬೈಸಿಕಲ್ಲಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾದುದಿದೆ. ಅದರ ವೇಗ ಕಡಿಮೆ, ಆದ್ದರಿಂದ ಸುರಕ್ಷಿತ ಎಂಬ ಭಾವನೆ ಸಾಮಾನ್ಯ. ವೇಗದ ಮಟ್ಟಿಗೆ ಅದು ನಿಜ. ಆದರೆ ಬೈಸಿಕಲ್ ಸದ್ದು ಮಾಡುವುದಿಲ್ಲ. ಮೋಟಾರು ವಾಹನ ಬರುತ್ತಿರುವುದನ್ನು ಆನೆ ದೂರದಿಂದಲೇ ಕೇಳಿಸಿಕೊಂಡು ಸರಿದುಕೊಳ್ಳಬಹುದು. ಬೈಸಿಕಲ್ಲು ಮಾತ್ರ ಅದರ ಕಾಲ ಬುಡಕ್ಕೆ ಬಂದ ಮೇಲೆಯೇ ತಿಳಿಯುತ್ತದೆ. ಆನೆ ಗಂಟೆಗೆ 25 ಕಿ.ಮೀ. ವೇಗದಲ್ಲಿ ನುಗ್ಗಬಲ್ಲದು, ಏರಿನಲ್ಲಿ ಬೈಸಿಕಲ್ ತುಳಿಯುವವನು ಅದರ ಅರ್ಧ ವೇಗಕ್ಕೂ ಬರಲಾರ. ತಿರುವಿಗೆ ಮುನ್ನ ನಿಂತು ಆಲಿಸುವುದು, ಮೂಸಿ ನೋಡುವುದು, ಹಸಿ ಲದ್ದಿ ಇದೆಯೇ, ಕೊಂಬೆ ಮುರಿಯುವ ಸದ್ದು ಕೇಳುತ್ತಿದೆಯೇ ಎಂದು ಗಮನಿಸುವುದು ಕಾಡಿನ ಜನರಿಗೆ ರೂಢಿಗತವಾದ ನಡೆ. ಹಾಡಿಯ ಹಿರಿಯರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡ ಅವರ ಮೊಮ್ಮಕ್ಕಳಿಗೆ ಕಲಿಸಬೇಕಾಗಿದೆ.

ಇನ್ನು ಗ್ರಾಮ ಪಂಚಾಯಿತಿಯ ಕೈಯಲ್ಲಿರುವ ಕೆಲಸ. ರಸ್ತೆ, ಬೀದಿದೀಪ, ಕುಡಿಯುವ ನೀರು, ನೈರ್ಮಲ್ಯ ಇವು 1993ರ ಅಧಿನಿಯಮದಂತೆ ಗ್ರಾಮ ಪಂಚಾಯಿತಿಯ ಪ್ರಕಾರ್ಯಗಳೇ ಆಗಿವೆ. ಹೊಸ ಅಧಿಕಾರವೇನೂ ಬೇಕಿಲ್ಲ. ಮೊದಲನೆಯದು ತಿರುವುಗಳಲ್ಲಿ ನೋಟ ಬಿಡಿಸುವುದು. ಮಳೆಗಾಲ ಮುಗಿಯುವ ಹೊತ್ತಿಗೆ ಲಂಟಾನ ಪೊದೆ ರಸ್ತೆಯ ಅಂಚಿಗೇ ಬಂದು ನಿಂತಿರುತ್ತದೆ. ಅದೇ ಸಮಯಕ್ಕೆ ರಾಗಿ, ಮುಸುಕಿನ ಜೋಳ ಬಲಿಯುತ್ತವೆ, ಆನೆ ಹೊಲದ ಕಡೆ ಬರುತ್ತದೆ. ಆದ್ದರಿಂದ ಈ ಕೆಲಸ ಮಾರ್ಚ್ ತಿಂಗಳ ಲೆಕ್ಕಪತ್ರಕ್ಕಾಗಿ ಕಾಯುವಂಥದ್ದಲ್ಲ, ಮಳೆ ನಿಂತ ಕೂಡಲೇ ಆಗಬೇಕು. ಹುಲ್ಲು ಕೀಳುವಂಥ, ಅಳತೆಗೆ ಸಿಗದ, ಮತ್ತೆ ಮತ್ತೆ ಮಾಡಬೇಕಾದ ಕೆಲಸಗಳಿಗೆ ಉದ್ಯೋಗ ಖಾತರಿ ನಿಯಮಗಳಲ್ಲಿ ಅವಕಾಶವಿರಲಿಲ್ಲವೆಂಬುದು ಸದಸ್ಯರಿಗೆ ತಿಳಿದ ವಿಷಯ. ಸ್ವಂತ ಸಂಪನ್ಮೂಲದಲ್ಲಿ ಸಣ್ಣ ಮೊತ್ತ ಇಟ್ಟುಕೊಳ್ಳುವುದೇ ಸರಳ ದಾರಿ. ರಸ್ತೆಯ ಅಂಚು ಅರಣ್ಯ ಭೂಮಿಯಾಗಿದ್ದಲ್ಲಿ ವಲಯ ಅರಣ್ಯಾಧಿಕಾರಿಗಳ ಒಪ್ಪಿಗೆಯಿಲ್ಲದೆ ಒಂದು ಗಿಡಕ್ಕೂ ಕೈ ಹಚ್ಚುವಂತಿಲ್ಲ.

ಇಲ್ಲಿ ಒಂದು ತೊಡಕೂ ಇದೆ. ಪೊದೆ ತೆಗೆದ ಜಾಗದಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಆ ಹುಲ್ಲಿಗೆ ಜಿಂಕೆ, ಕಾಟಿ, ಆನೆಗಳೇ ರಸ್ತೆಬದಿಗೆ ಬರುತ್ತವೆ. ಉದ್ದಕ್ಕೂ ಬೋಳು ಮಾಡಿದರೆ ಉಪಕಾರಕ್ಕಿಂತ ಅಪಕಾರವೇ ಆದೀತು. ತಿರುವಿನ ಒಳಮಗ್ಗುಲಲ್ಲಿ ಮಾತ್ರ, ನಿಲ್ಲುವ ದೂರಕ್ಕೆ ಬೇಕಾದಷ್ಟು ಮಾತ್ರ ಬಿಡಿಸಿದರೆ ಸಾಕು. ಇಡೀ ರಸ್ತೆಗೆ ಜೆಸಿಬಿ ಓಡಿಸಿ ಬಿಲ್ಲು ಬರೆಯುವ ಉತ್ಸಾಹವನ್ನು ಈ ವಿಷಯದಲ್ಲಿ ತಡೆಹಿಡಿಯುವುದು ಒಳ್ಳೆಯದು.

ಉಬ್ಬುಗಳ ವಿಷಯದಲ್ಲಿಯೂ ಹೀಗೆಯೇ. ಆನೆ ದಾಟುವ ಜಾಗದಲ್ಲಿಯೇ ಉಬ್ಬು ಹಾಕಿಸಬೇಕೆಂಬ ಬೇಡಿಕೆ ಗ್ರಾಮಸಭೆಗಳಲ್ಲಿ ಬರುವುದುಂಟು. ಹಾಗೆ ಮಾಡಿದರೆ ಸವಾರ ಆನೆಯ ಮುಂದೆಯೇ ನಿಲ್ಲುವಂತಾಗುತ್ತದೆ. ದಾಟುವ ಜಾಗಕ್ಕಿಂತ ನೂರು ಮೀಟರ್ ಹಿಂದೆ, ಎರಡೂ ಕಡೆ, ಬಿಳಿ ಪಟ್ಟೆ ಬಳಿದು ಹಾಕಿದಾಗ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಬೀದಿದೀಪವೂ ಎಲ್ಲೆಂದರಲ್ಲಿ ಒಳ್ಳೆಯದಲ್ಲ. ಪ್ರಖರ ದೀಪದ ಕೆಳಗಿನಿಂದ ಕತ್ತಲೆಗೆ ನುಗ್ಗಿದ ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷಗಳೇ ಬೇಕು. ಊರ ಕೊನೆಯ ಕಂಬದಲ್ಲಿ ಅತಿ ದೊಡ್ಡ ದೀಪ ಹಾಕಿದರೆ ಅದರಾಚೆಯ ರಸ್ತೆ ಇನ್ನಷ್ಟು ಕುರುಡಾಗುತ್ತದೆ. ಜನ ನಿಂತು ಕಾಯುವ ಬಸ್ ತಂಗುದಾಣ, ಡೇರಿ, ಪಂಪ್‌ಹೌಸ್ ಇವುಗಳಿಗೆ ಬೆಳಕು ಬೇಕು, ಅದೂ ಕೆಳಮುಖವಾಗಿ.

ಪ್ರಾಣಿಯನ್ನು ರಸ್ತೆಗೆ ಕರೆಯುವ ಕೆಲಸವನ್ನು ಮನುಷ್ಯರೇ ಮಾಡುತ್ತಿರುವುದೂ ಉಂಟು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ಹೆದ್ದಾರಿಯಲ್ಲಿ, ಆಸನೂರಿನ ಸಮೀಪ, ಆನೆಗಳು ಕಬ್ಬಿನ ಲಾರಿಗಾಗಿ ಕಾದು ನಿಲ್ಲುವುದನ್ನು ಆ ದಾರಿಯಲ್ಲಿ ಹೋದವರೆಲ್ಲ ಬಲ್ಲರು. ಚಾಲಕರು ಎಸೆದ ಜಲ್ಲೆಗಳ ರುಚಿ ಕಲಿತ ಆನೆಗೆ ಲಾರಿ ಯಾವುದು, ಶಾಲೆಯ ವ್ಯಾನು ಯಾವುದು ಎಂಬ ಭೇದವಿಲ್ಲ. ಕಾಡಂಚಿನಲ್ಲಿ ಕಸ ಸುರಿಯುವುದೂ ಇದೇ ಜಾತಿಯ ತಪ್ಪು. ಹೋಟೆಲಿನ ಉಳಿಕೆ, ಉಪ್ಪು ಹತ್ತಿದ ಪ್ಲಾಸ್ಟಿಕ್, ಕೊಳೆತ ಬಾಳೆಹಣ್ಣು ಇವು ಹಂದಿ ಮತ್ತು ಆನೆಗಳನ್ನು ಕರೆಯುತ್ತವೆ. ಕಸಕ್ಕೆ ನಾಯಿ ಬಂದರೆ, ನಾಯಿಯ ಹಿಂದೆ ಚಿರತೆ ಬರುತ್ತದೆ. ಘನತ್ಯಾಜ್ಯ ಘಟಕಕ್ಕೆ ಜಾಗ ಗುರುತಿಸುವಾಗ ಊರಿಗೆ ದೂರ, ಕಾಡಿಗೆ ಹತ್ತಿರ ಎಂಬ ಕಾರಣಕ್ಕೆ ನಿರ್ಣಯ ಅಂಗೀಕರಿಸುವ ವಾಡಿಕೆ ನಿಲ್ಲಬೇಕು.

ಎಲ್ಲಕ್ಕಿಂತ ಕಡಿಮೆ ಖರ್ಚಿನದು, ಆದರೆ ಬಹುಶಃ ಎಲ್ಲಕ್ಕಿಂತ ಹೆಚ್ಚು ಜೀವ ಉಳಿಸುವುದು, ವೇಳೆಯ ಬದಲಾವಣೆ. ಕಾಡಿನ ದೊಡ್ಡ ಪ್ರಾಣಿಗಳು ಹೊಲದಿಂದ ಕಾಡಿಗೆ ಮರಳುವುದು ಬೆಳಕು ಹರಿಯುವ ಹೊತ್ತಿಗೆ. ನೀರುಗಂಟಿ ಕೆಲಸಕ್ಕೆ ಹೊರಡುವುದೂ ಆಗಲೇ. ಕಾಡಂಚಿನ ಜನವಸತಿಗಳಿಗೆ ಬೆಳಿಗ್ಗೆ ಏಳರ ನಂತರ ನೀರು ಬಿಡುವುದೆಂದು ನಿರ್ಣಯಿಸಲು ಯಾರ ಅನುಮೋದನೆಯೂ ಬೇಕಿಲ್ಲ. ಮನೆಮನೆಗೆ ತಿಳಿಸಿ ಒಪ್ಪಿಸಿದರೆ ಆಯಿತು. ಅದು ಸಾಧ್ಯವಿಲ್ಲದ ಕಡೆ ಮೋಟಾರಿಗೆ ಟೈಮರ್ ಅಥವಾ ಮೊಬೈಲ್ ಸ್ಟಾರ್ಟರ್ ಅಳವಡಿಸಬಹುದು. ಪಂಪ್‌ಸೆಟ್ ಫೀಡರುಗಳಿಗೆ ಹಗಲಿನಲ್ಲಿಯೇ ತ್ರೀಫೇಸ್ ವಿದ್ಯುತ್ ನೀಡುವಂತೆ ಗ್ರಾಮಸಭೆಯ ನಿರ್ಣಯವನ್ನು, ಕಾಡಂಚಿನ ಸರ್ವೆ ನಂಬರುಗಳ ಪಟ್ಟಿಯೊಂದಿಗೆ, ವಿದ್ಯುತ್ ಸರಬರಾಜು ನಿಗಮಕ್ಕೆ ಕಳುಹಿಸಬೇಕು. ಬರಿಯ ಮನವಿ ಕಡತದಲ್ಲಿ ಮಲಗುತ್ತದೆ; ಫೀಡರಿನ ಹೆಸರು, ದಾಟುವ ಜಾಗ, ದಿನಾಂಕಗಳಿರುವ ಮನವಿಗೆ ಉತ್ತರ ಕೊಡದೆ ಇರುವುದು ಕಷ್ಟ.

ಆ ದಿನಾಂಕಗಳು ಎಲ್ಲಿಂದ ಬರಬೇಕು? ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ 2002ರ ಜೀವವೈವಿಧ್ಯ ಅಧಿನಿಯಮದಂತೆ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಕಾಗದದ ಮೇಲೆ ಇದೆ. ಅದಕ್ಕೆ ಒಂದು ವಹಿ ಕೊಟ್ಟು, ಪ್ರಾಣಿ ಎದುರಾದ ಜಾಗ, ವೇಳೆ, ಯಾವ ಪ್ರಾಣಿ ಎಂಬುದಷ್ಟನ್ನು ಬರೆಯಿಸಿದರೆ ಒಂದು ವರ್ಷದಲ್ಲಿ ಯಾವ ತಿರುವು, ಯಾವ ತಿಂಗಳು ಎಂಬುದು ತಾನಾಗಿಯೇ ತೆರೆದುಕೊಳ್ಳುತ್ತದೆ. ದಿನನಿತ್ಯದ ಸುದ್ದಿಗೆ ವಾಟ್ಸ್‌ಆ್ಯಪ್ ಗುಂಪು ಸಾಕು, ಆದರೆ ಗುಂಪಿನಲ್ಲಿ ಹಾಕುವವರು ಗೊತ್ತಾದ ನಾಲ್ಕೈದು ಮಂದಿ ಮಾತ್ರ ಆಗಿರಬೇಕು: ಅರಣ್ಯ ರಕ್ಷಕರು, ನೀರುಗಂಟಿ, ಡೇರಿ ಕಾರ್ಯದರ್ಶಿ, ಹಾಡಿಯ ಒಬ್ಬರು. ಕಳೆದ ವರ್ಷದ ಯಾವುದೋ ಊರಿನ ಹುಲಿಯ ವೀಡಿಯೋ ಎರಡು ಬಾರಿ ಬಂದರೆ ಮೂರನೆಯ ಬಾರಿ ನಿಜವಾದ ಸುದ್ದಿಯನ್ನೂ ಯಾರೂ ನೋಡುವುದಿಲ್ಲ. ಮೊಬೈಲ್ ಇಲ್ಲದವರಿಗಾಗಿ ಡೇರಿಯ ಬಾಗಿಲಿಗೆ ಒಂದು ಕೆಂಪು ಬಟ್ಟೆ ಕಟ್ಟಿದರೂ ಆಗುತ್ತದೆ.

ಎಷ್ಟೇ ಎಚ್ಚರವಹಿಸಿದರೂ ಪ್ರಾಣಿ ಎದುರಾಗುವ ಸಂದರ್ಭ ಇದ್ದೇ ಇರುತ್ತದೆ. ವಾರ್ಡ್ ಸಭೆಗಳಲ್ಲಿ ಸದಸ್ಯರು ತಿಳಿಸಬೇಕಾದುದು ಇಷ್ಟು. ದೂರದಲ್ಲಿಯೇ ನಿಲ್ಲಬೇಕು, ಹಾರ್ನ್ ಮಾಡಬಾರದು, ದೀಪವನ್ನು ಕಣ್ಣಿಗೆ ಹಾಯಿಸಬಾರದು, ಎಂಜಿನ್ ಆರಿಸದೆ ನಿಧಾನವಾಗಿ ಹಿಂದೆ ಸರಿಯಬೇಕು. ಒಂದು ಆನೆ ದಾಟಿತೆಂದು ಕೂಡಲೇ ನುಗ್ಗಬಾರದು. ಹಿಂದೆ ಮರಿ ಇರಬಹುದು, ತಾಯಿಗೂ ಮರಿಗೂ ನಡುವೆ ಸಿಕ್ಕಿದವನ ಸ್ಥಿತಿ ಹೇಳುವಂತಿಲ್ಲ. ಕಣ್ಣು ಮತ್ತು ಕಿವಿಯ ನಡುವೆ ಒದ್ದೆಯ ಕಪ್ಪು ಗೆರೆ ಇಳಿದಿದ್ದರೆ ಅದು ಮದವೇರಿದ ಸಲಗ. ಹತ್ತಿರ ಹೋಗುವ ಯೋಚನೆಯೇ ಸಲ್ಲದು. ದ್ವಿಚಕ್ರ ವಾಹನವನ್ನು ತಿರುಗಿಸಲು ಸಮಯವಿಲ್ಲವೆಂದು ಕಂಡರೆ ಅದನ್ನು ಅಲ್ಲಿಯೇ ಬಿಟ್ಟು ಸರಿಯಬೇಕು. ಬೈಕಿನ ಕಂತು ಇನ್ನೂ ಬಾಕಿ ಇದೆಯೆಂದು ಅದನ್ನು ಹಿಡಿದುಕೊಂಡು ನಿಲ್ಲುವವರಿದ್ದಾರೆ. 2025ರಲ್ಲಿ ಬಂಡೀಪುರದ ರಸ್ತೆಯಲ್ಲಿ ಸೆಲ್ಫಿಗಾಗಿ ವಾಹನದಿಂದ ಇಳಿದ ಪ್ರವಾಸಿಯನ್ನು ಆನೆ ಅಟ್ಟಿ ಕೆಡವಿದ ದೃಶ್ಯವನ್ನು ರಾಜ್ಯವೇ ನೋಡಿತು. ಆತ ಬದುಕಿ ಉಳಿದ, ದಂಡವನ್ನೂ ತೆತ್ತ. ಆ ವೀಡಿಯೋವನ್ನು ಶಾಲೆಗಳಲ್ಲಿ ತೋರಿಸುವುದು ಯಾವ ಭಾಷಣಕ್ಕಿಂತಲೂ ಮೇಲು.

ಡಿಕ್ಕಿಯಾಗಿ ಪ್ರಾಣಿ ಗಾಯಗೊಂಡು ಬಿದ್ದಿದ್ದಲ್ಲಿ ನೀರು ಕುಡಿಸಲು, ಎಬ್ಬಿಸಲು ಯಾರೂ ಹತ್ತಿರ ಹೋಗಕೂಡದು. ಮನುಷ್ಯರಿಗೆ ಪೆಟ್ಟಾಗಿದ್ದರೆ 112ಕ್ಕೂ, ಪ್ರಾಣಿಯ ವಿಷಯಕ್ಕೆ ಅರಣ್ಯ ಇಲಾಖೆಯ 1926 ಸಹಾಯವಾಣಿಗೂ ಕೂಡಲೇ ತಿಳಿಸಿ, ಎರಡೂ ಬದಿಯ ವಾಹನಗಳನ್ನು ದೂರದಲ್ಲಿಯೇ ತಡೆಯಬೇಕು. ಪರಿಹಾರದ ಅರ್ಜಿಗೆ ಘಟನೆಯ ಸ್ಥಳ ಮತ್ತು ವೇಳೆಯ ದಾಖಲೆ ಬೇಕಾಗುವುದರಿಂದ, ಪಂಚಾಯಿತಿಯ ವಹಿಯಲ್ಲಿ ಅದೇ ದಿನ ನಮೂದಾಗುವಂತೆ ಆಯಾ ವಾರ್ಡಿನ ಸದಸ್ಯರು ನೋಡಿಕೊಳ್ಳತಕ್ಕದ್ದು.