ಆಕಾಶದಿಂದ ಸುರಿದ ವಿಷ ಮತ್ತು ನಮ್ಮ ಹೊಣೆ

(ಅರಸೀಕೆರೆಯ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಅರಸೀಕೆರೆ, ಬೇಲೂರು, ಹಳೇಬೀಡುಗಳಿಂದ ಬಂದು ನೆರೆದಿರುವ ತಮಗೆ ರಾಸಾಯನಿಕ ಯುದ್ಧದ ವಿಷಯ ದೂರದ್ದೆಂದು ತೋರಬಹುದು. ಅದು ಎಷ್ಟು ಹತ್ತಿರದ್ದೆಂದು ತಿಳಿಸುವುದೇ ಇಂದು ನಮ್ಮ ಉದ್ದೇಶ.

1987ರ ಜೂನ್ 28ರಂದು ಇರಾಕಿನ ಸದ್ದಾಂ ಆಡಳಿತವು ಇರಾನಿನ ಸರ್ದಶ್ತ್ ಪಟ್ಟಣದ ಮೇಲೆ ಸಾಸಿವೆ ಅನಿಲದ ಬಾಂಬುಗಳನ್ನು ಹಾಕಿತು. 1988ರ ಮಾರ್ಚ್ 16ರಂದು ತನ್ನದೇ ನಾಡಿನ ಹಲಬ್ಜದಲ್ಲಿ ಸುಮಾರು 5,000 ಕುರ್ದ್ ನಾಗರಿಕರನ್ನು ಕೊಂದಿತು. ಕೊಂದವರೂ ಸತ್ತವರೂ ಒಂದೇ ಧರ್ಮಕ್ಕೆ ಸೇರಿದವರೆಂಬುದನ್ನು ನಾವು ಮರೆಮಾಚಬಾರದು. ಅಂದು ಬದುಕುಳಿದವರಲ್ಲಿ ಅನೇಕರು ದಶಕಗಳ ಬಳಿಕವೂ ಶ್ವಾಸಕೋಶ, ಕಣ್ಣು ಮತ್ತು ಚರ್ಮದ ರೋಗಗಳಿಂದ ನರಳಿದರು. ವಿಯೆಟ್ನಾಮಿನಲ್ಲಿ ಅಮೆರಿಕದ ಸೇನೆಯು 1961ರಿಂದ 1971ರವರೆಗೆ ಏಳು ಕೋಟಿ ಲೀಟರಿಗೂ ಹೆಚ್ಚು ಸಸ್ಯನಾಶಕ ಸುರಿಯಿತು. ಅದರಲ್ಲಿದ್ದ ಡಯಾಕ್ಸಿನ್ ಮಣ್ಣಿನಿಂದ ಮೀನಿಗೆ, ಮೀನಿನಿಂದ ಮನುಷ್ಯನಿಗೆ, ತಾಯಿಯಿಂದ ಮಗುವಿಗೆ ಸಾಗುತ್ತದೆ. ತಯಾರಕ ಕಂಪೆನಿಗಳು 1984ರಲ್ಲಿ ಅಮೆರಿಕದ ಮಾಜಿ ಸೈನಿಕರಿಗೆ 18 ಕೋಟಿ ಡಾಲರ್ ಕೊಡಲು ಒಪ್ಪಿದವು. ವಿಯೆಟ್ನಾಮಿನ ಸಂತ್ರಸ್ತರ ದಾವೆಯನ್ನಾದರೋ 2005ರಲ್ಲಿ ಅಮೆರಿಕದ ನ್ಯಾಯಾಲಯ ತಳ್ಳಿಹಾಕಿತು.

ಯುದ್ಧದ ವಿಷಕ್ಕೂ ಕೃಷಿಯ ವಿಷಕ್ಕೂ ನಂಟು ಹಳೆಯದು. 1936ರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಕೀಟನಾಶಕವನ್ನು ಹುಡುಕುತ್ತಿದ್ದಾಗ ಸಿಕ್ಕಿದ್ದು ಟಾಬುನ್ ಎಂಬ ನರವಿಷ. ಅರಸೀಕೆರೆ ಸೀಮೆಯ ತೆಂಗಿಗೆ ನುಸಿ ಪೀಡೆ ತಗಲಿದಾಗ ಬೇರಿಗೆ ಕೊಟ್ಟ ಮೊನೊಕ್ರೊಟೊಫಾಸ್ ಕೂಡ ಟಾಬುನ್‌ನಂತೆಯೇ ನರಗಳ ಕಾರ್ಯಕ್ಕೆ ಬೇಕಾದ ಕಿಣ್ವವನ್ನು ತಡೆಯುತ್ತದೆ. ಅದನ್ನು ನಾವು ‘ಔಷಧಿ’ ಎಂದೇ ಕರೆದೆವು!

ಕಾಸರಗೋಡಿಗೆ ಬರೋಣ. ಅಲ್ಲಿ ಯುದ್ಧವಿರಲಿಲ್ಲ, ಶತ್ರುವಿರಲಿಲ್ಲ. ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಿತು. ಕೆಳಗೆ ಮನೆಗಳಿದ್ದವು, ಕುಡಿಯುವ ನೀರಿನ ಸುರಂಗಗಳಿದ್ದವು. ಕನ್ನಡ ಮಾತಾಡುವ ಪಡ್ರೆ ಗ್ರಾಮದಲ್ಲಿ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ರೋಗಗಳ ವಿಚಿತ್ರ ಹೆಚ್ಚಳವನ್ನು ಗುರುತಿಸಿದರು. ಪತ್ರಕರ್ತ ಶ್ರೀಪಡ್ರೆ ಲೋಕಕ್ಕೆ ತಿಳಿಸಿದರು. ಅಹ್ಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನವು ಅಲ್ಲಿನ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನ್ ಅಂಶವನ್ನು ಕಂಡಿತು. ಸಂಬಂಧ ಸಾಬೀತಾಗಿಲ್ಲವೆಂದ ಸಮಿತಿಯೂ ಇತ್ತು. ನಮ್ಮ ರಾಜ್ಯದ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರು ತೋಟಗಳ ಮೇಲೂ ಅದೇ ವಿಷ ಬಿತ್ತು.

2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ನಿಷೇಧಿಸಿತು. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಕೇರಳ ಸರಕಾರಕ್ಕೆ ಆದೇಶಿಸಿತು. ಐದು ವರ್ಷ ಕಳೆದ ಮೇಲೂ, 2022ರಲ್ಲಿ, ವಿಳಂಬಕ್ಕಾಗಿ ಅದೇ ನ್ಯಾಯಾಲಯ ಸರಕಾರವನ್ನು ತರಾಟೆಗೆ ತೆಗೆದುಕೊಳ್ಳಬೇಕಾಯಿತು.

ಬಂಧುಗಳೇ, ಹಲಬ್ಜಕ್ಕಾಗಿ ಕಣ್ಣೀರಿಡುವವರು ಕೊಕ್ಕಡದ ಬಗ್ಗೆ ಮೌನವಾಗಿದ್ದರೆ ಆ ಕಣ್ಣೀರಿಗೆ ಅರ್ಥವಿಲ್ಲ. ವಿಷಕ್ಕೆ ಜಾತಿಯಿಲ್ಲ, ಗಡಿಯಿಲ್ಲ. ಪರಿಹಾರ ಹಂಚುವಾಗ ಮಾತ್ರ ಇವೆಲ್ಲ ಅಡ್ಡ ಬರುತ್ತವೆ. ಹಾಸಿಗೆ ಹಿಡಿದ ಮಕ್ಕಳ ಹೆತ್ತವರಿಗೆ ಈಗ ವಯಸ್ಸಾಗುತ್ತಿದೆ. ತಮ್ಮ ನಂತರ ಇವರಿಗೆ ಯಾರು ಎಂಬುದು ಅವರ ಪ್ರಶ್ನೆ. ಒಮ್ಮೆ ಕೊಡುವ ಹಣ ಅದಕ್ಕೆ ಉತ್ತರವಲ್ಲ. ಜೀವನಪರ್ಯಂತದ ಆರೈಕೆಯೇ ಉತ್ತರ. ಅದನ್ನು ಸರಕಾರದಿಂದ ಕೇಳಿ ಪಡೆಯುವುದು ಅವರ ಹಕ್ಕು. ಅವರೊಂದಿಗೆ ನಿಂತು ಕೇಳುವುದು ನಮ್ಮ ಕರ್ತವ್ಯ. ನಮ್ಮ ತೋಟದಲ್ಲಿ ಔಷಧಿ ಹೊಡೆಯುವ ಕೂಲಿಯವನ ಉಸಿರಿನ ಹೊಣೆಯೂ ನಮ್ಮದೇ ಎಂಬುದನ್ನು ಇಂದು ಮನೆಗೆ ಹೋಗುವಾಗ ನೆನಪಿಟ್ಟುಕೊಳ್ಳೋಣ.